ಕರೆಂಟು ಸೋಸುವ ಪೆಟ್ಟಿಗೆ

ಮಡಂತ್ಯಾರಿನಲ್ಲಿ ಹೋಟೆಲ್ ನಡೆಸಿದಷ್ಟು ಕಾಲವೂ ಮುಂಡಪ್ಪಣ್ಣನಿಗೆ ತಾಳಮದ್ದಲೆಯ ಹುಚ್ಚು. ಸಂಜೆ ಹೋಟೆಲಿನ ಬಾಗಿಲು ಹಾಕಿದವರೇ ಟೇಪ್ ರೆಕಾರ್ಡರ್ ಹಿಡಿದುಕೊಂಡು ಓಡುತ್ತಿದ್ದರು. ವೇಷವಿಲ್ಲದೆ ಕೂತು ಪುರಾಣದ ಪಾತ್ರವಾಗಿ ಮಾತಾಡುವ ಅರ್ಥಧಾರಿಗಳ ಎದುರು ಅದನ್ನಿಟ್ಟು ಗುಂಡಿ ಒತ್ತಿ, ಕರ್ಣ ಒಂದು ಮಾತಾಡುವುದರೊಳಗೆ ಗೋಡೆಗೊರಗಿ ನಿದ್ದೆ ಹೋಗುತ್ತಿದ್ದರು. ಬೆಳಗ್ಗೆ ಬೇಗ ಎದ್ದು ಹಿಟ್ಟು ರುಬ್ಬಬೇಕಾದ ಮನುಷ್ಯ, ಇನ್ನೇನಾಗುತ್ತದೆ? ಹಾಗೆ ಕ್ಯಾಸೆಟ್ ತುಂಬಿದವೇ ಹೊರತು ಮಾತು ಕೇಳಿದ್ದು ಅಷ್ಟಕ್ಕಷ್ಟೆ. "ಹೋಟೆಲ್ ಬಿಟ್ಟ ಮೇಲೆ ಎಲ್ಲ ಕೂತು ಕೇಳ್ತೇನೆ" ಎನ್ನುತ್ತಿದ್ದರು.

ಬಿಟ್ಟಾಯಿತು. ಒಳ್ಳೆಯ ಆಂಪ್ಲಿಫೈಯರ್, ಎದೆಯೆತ್ತರದ ಎರಡು ಸ್ಪೀಕರ್, ರಿಪೇರಿ ಮಾಡಿಸಿದ ಕ್ಯಾಸೆಟ್ ಡೆಕ್, ಎಲ್ಲ ಚಾವಡಿಗೆ ಬಂತು. ಸಂಜೆಯ ಚಾ ಆದ ಮೇಲೆ ಅವರೂ ಹೆಂಡತಿ ಪ್ರಫುಲ್ಲಕ್ಕನೂ ಕೂತು ಕೇಳುವುದು. ಕೆಲವು ಕ್ಯಾಸೆಟ್ಟಿನಲ್ಲಿ ಕೃಷ್ಣನ ಮಾತಿನ ಹಿಂದೆ ಗೊರಕೆಯೂ ಉಂಟು. "ಎಲ್ಲರಿಗಿಂತ ಸ್ಪಷ್ಟ ಇದೇ ಅಲ್ವಾ?" ಎಂದು ಪ್ರಫುಲ್ಲಕ್ಕ ನಗುತ್ತಿದ್ದರು.

ಈ ಸುಖದ ನಡುವೆ ಶುರುವಾಯಿತು ಒಂದು ಶಬ್ದ. ಗುಂಯ್... ನೀರು ಕುದಿಯುವ ಮೊದಲು ಪಾತ್ರೆ ಹಾಡುತ್ತದಲ್ಲ, ಹಾಗೆ. ಅರ್ಥಧಾರಿ ದನಿ ತಗ್ಗಿಸಿ ಅಂತರಂಗ ಬಿಚ್ಚುವಲ್ಲೇ ಅದು ನುಗ್ಗಿ ಬರುತ್ತಿತ್ತು. ಮಿಜಾರಿನ ಕಾಲೇಜಿನಲ್ಲಿ ಪಾಠ ಮಾಡುವ ಮಗಳು ಅಕ್ಷಿತಾ ಸ್ಪೀಕರಿಗೆ ಕಿವಿಯಿಟ್ಟು, "ಎಂತ ಶಬ್ದವೂ ಇಲ್ಲಪ್ಪ" ಅಂದಳು.

"ನಿನ್ನದು ಇಯರ್‌ಫೋನಿನ ಕಿವಿ. ಅಮ್ಮನನ್ನು ಕೇಳು."

ಪ್ರಫುಲ್ಲಕ್ಕ ಗಂಡನ ಮುಖ ನೋಡಿದರು. "ಹೌದು, ಕೇಳ್ತದೆ. ಸಣ್ಣಕ್ಕೆ ಉಂಟು."

ಎರಡು ಓಟು ಸಿಕ್ಕಿದ ಮೇಲೆ ಇನ್ನೆಂತ ಚರ್ಚೆ? ಮುಂಡಪ್ಪಣ್ಣ ಮೆಲ್ಕಾರಿಗೆ, ಹಾರಿಸನ ಅಂಗಡಿಗೆ ಹೋದರು. ಆಂಪ್ಲಿಫೈಯರ್ ಕೊಟ್ಟವನೂ ಅವನೇ.

"ಮುಂಡಪ್ಪಣ್ಣ, ಮೊದಲು ಅರ್ತಿಂಗ್ ನೋಡುವ" ಅಂದ ಹಾರಿಸ್. "ವಯರ್ ಹೂತ ಗುಂಡಿಗೆ ಇದ್ದಿಲು, ಉಪ್ಪು ಹಾಕಿ ದಿನಾ ನೀರು ಹೊಯ್ಯಿರಿ. ಬೇಸಿಗೆಯಲ್ಲಿ ಮಣ್ಣು ಒಣಗಿದ್ರೆ ಗುಂಯ್ ಅಂತದೆ."

ನೀರು ಹೊಯ್ಯುವ ಕೆಲಸ ಪ್ರಫುಲ್ಲಕ್ಕ ವಹಿಸಿಕೊಂಡರು. ಬೆಳಗ್ಗೆ ತುಳಸಿಗೊಂದು ಚೊಂಬು, ಅರ್ತಿಂಗ್ ಗುಂಡಿಗೊಂದು ಕೊಡ. ಗುಂಡಿಯ ಸುತ್ತ ಬಸಳೆ ಚಿಗುರಿತು. ಶಬ್ದ ಮಾತ್ರ ಹೋಗಲಿಲ್ಲ. ಮುಂಡಪ್ಪಣ್ಣ ಕ್ಯಾಸೆಟ್ ಹಾಕುವುದನ್ನೇ ಬಿಟ್ಟರು. ಚಾ ಕುಡಿದು ಸುಮ್ಮನೆ ಜಗಲಿಯಲ್ಲಿ ಕೂರತೊಡಗಿದರು. ಇಷ್ಟು ವರ್ಷ ಇದಕ್ಕಾ ಕಾದದ್ದು ಎನ್ನುವ ಹಾಗೆ.

"ಒಮ್ಮೆ ಪುನಃ ಹಾರಿಸನಲ್ಲಿ ಹೋಗಿ ಬನ್ನಿ" ಎಂದು ದೂಡಿದವರು ಪ್ರಫುಲ್ಲಕ್ಕನೇ.

ಈ ಸಲ ಹಾರಿಸ್ ಎರಡು ಪೆಟ್ಟಿಗೆ ತೆಗೆದಿಟ್ಟ. "ಇದು ಸ್ಟೆಬಿಲೈಸರ್. ಹಾಲು ಉಕ್ಕದ ಹಾಗೆ, ತಳ ಹಿಡಿಯದ ಹಾಗೆ ಬೆಂಕಿ ನೋಡಿಕೊಳ್ತದೆ, ಅಷ್ಟೆ. ಇದು ಪವರ್ ಕಂಡೀಷನರ್. ಚಾ ಸೋಸಿದ ಹಾಗೆ ಕರೆಂಟನ್ನು ಸೋಸ್ತದೆ. ಪಂಪಿನದ್ದು, ಮಿಕ್ಸಿಯದ್ದು ಚರಟ ಎಲ್ಲ ಇಲ್ಲೇ ನಿಲ್ತದೆ."

"ಯಾವುದು ಆಗಬಹುದು ಮಾರಾಯ?"

"ನಾನು ಹೇಳಿದ್ರೆ ವ್ಯಾಪಾರ ಆಗ್ತದೆ. ಕಂಡೀಷನರ್ ಮನೆಗೆ ಕೊಂಡುಹೋಗಿ, ಹಾಕಿ ಕೇಳಿ. ನಿಮ್ಮ ಕಿವಿ ಹೇಳ್ಲಿ."

ಕಲ್ಲಿನಷ್ಟು ಭಾರದ ಆ ಪೆಟ್ಟಿಗೆಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಮುಂಡಪ್ಪಣ್ಣ ಬಸ್ಸಿನಲ್ಲಿ ಬಂದರು.

ಮರುದಿನ ಸಂಜೆ, ಇನ್ನೂ ಬಿಸಿಲಿರುವಾಗ, ಅದನ್ನು ಜೋಡಿಸಿದರು. ಹಸಿರು ದೀಪ ಹೊತ್ತಿತು. ಕ್ಯಾಸೆಟ್ ಹಾಕದೆ ಸುಮ್ಮನೆ ಆಂಪ್ಲಿಫೈಯರ್ ಚಾಲೂ ಮಾಡಿ ಕಣ್ಣು ಮುಚ್ಚಿ ಕೂತರು. ಗುಂಯ್... ಉಂಟು. ಹಾಗೇ ಉಂಟು. ಪ್ಲಗ್ ಬದಲಿಸುವ ಎಂದು ಕಣ್ಣು ಬಿಟ್ಟರೆ ಹಸಿರು ದೀಪ ಇಲ್ಲ. ತಲೆಯ ಮೇಲಿನ ಫ್ಯಾನು ನಿಧಾನವಾಗಿ ನಿಲ್ಲುತ್ತಿತ್ತು. ಕರೆಂಟು ಹೋಗಿತ್ತು.

ಗುಂಯ್ ಎನ್ನುವುದು ಮಾತ್ರ ಇತ್ತು.

ಸ್ಪೀಕರಿಗೆ ಕಿವಿಯಿಟ್ಟರು. ಕಿವಿ ತೆಗೆದರು. ಅಂಗಳಕ್ಕೆ ಇಳಿದರು. ಎಲ್ಲಿ ಹೋದರೂ ಅದೇ, ಅಷ್ಟೇ. ಮಲಗಿದಾಗಲೂ ಇದು ಕೇಳುತ್ತಿತ್ತು, ಅದನ್ನು ಫ್ರಿಜ್ಜಿನ ತಲೆಗೆ ಕಟ್ಟಿದ್ದರು. ಒಳಗೆ ಬಂದು ಸ್ಪೀಕರಿನ ಪಕ್ಕ ನೆಲದಲ್ಲೇ ಕೂತುಬಿಟ್ಟರು. ಕಡೆಯ ಆಸೆಯೊಂದಿತ್ತು, ಕೂಗಿದರು:

"ಪ್ರಫುಲ್ಲಾ, ಈಗ ಕೇಳ್ತದಾ?"

ಅಡುಗೆಮನೆಯಲ್ಲಿ ಬಸಳೆ ಹೆಚ್ಚುತ್ತಿದ್ದ ಪ್ರಫುಲ್ಲಕ್ಕ ಕತ್ತಿಯ ಮೇಲಿನ ಕಣ್ಣು ತೆಗೆಯದೆ ಹೇಳಿದರು: "ಹ್ಞಾ, ಕೇಳ್ತದೆ. ಆದ್ರೆ ಮೊದಲಿಗಿಂತ ಕಮ್ಮಿ ಆಗಿದೆ. ಒಳ್ಳೆಯ ಪೆಟ್ಟಿಗೆ."

"ಕರೆಂಟೇ ಇಲ್ಲ ಮಾರಾಯ್ತಿ."

ಹೆಚ್ಚುವ ಸದ್ದು ನಿಂತಿತು. ಪ್ರಫುಲ್ಲಕ್ಕ ಕೈ ಒರೆಸಿಕೊಳ್ಳುತ್ತ ಬಂದು, ನಿಂತ ಫ್ಯಾನು ನೋಡಿ, ಗಂಡನನ್ನು ನೋಡಿ, ಪಕ್ಕದಲ್ಲೇ ಕೂತರು.

"ನಿನಗೆ ಯಾವತ್ತೂ ಕೇಳಲಿಲ್ಲ ಅಲ್ವಾ?"

"ಇಲ್ಲ."

"ಮತ್ತೆ ಎಂತಕ್ಕೆ ದಿನಾ ನೀರು ಹೊಯ್ದದ್ದು?"

"ಅಕ್ಷಿತಾ ಇಲ್ಲ ಅಂದಾಗ ನಿಮ್ಮ ಮುಖ ಸಣ್ಣ ಆಯ್ತು. ಒಬ್ಬರಿಗೇ ಕೇಳುವುದು ಬೇಡ ಅಂತ ನನಗೂ ಕೇಳ್ತದೆ ಅಂದೆ. ಆಮೇಲೆ ಹೇಳಿದ ಮಾತು ಹಿಂದೆ ತೆಗೆಯುವುದು ಹೇಗೆ?" ಅಡುಗೆಮನೆಯ ಕಡೆ ನೋಡಿ, "ಬಸಳೆಯಾದ್ರೂ ಆಯ್ತಲ್ಲ" ಅಂದರು.

ಮುಂಡಪ್ಪಣ್ಣನಿಗೆ ನಗು ಬರಲಿಲ್ಲ. "ಕಿವಿಯೇ ಹೋದ್ರೆ ಈ ಕ್ಯಾಸೆಟ್ ಎಲ್ಲ ಎಂತ ಮಾಡುವುದು? ಎಲ್ಲ ಅರ್ಧ ಕೇಳಿದ್ದು."

"ಕಿವಿ ಹೋದದ್ದು ಯಾರು ಹೇಳಿದ್ದು? ಹೋಟೆಲಿನಲ್ಲಿ ನಿಮ್ಮ ತಲೆಯ ಹತ್ತಿರವೇ ಗ್ರೈಂಡರ್ ಇತ್ತು. ಗಡಗಡ ಅಂತ ಊರಿಗೇ ಕೇಳ್ತಿತ್ತು. ಮೂಲೆಯ ಬೆಂಚಿನಲ್ಲಿ ವೆಂಕಪ್ಪಣ್ಣ ಬಾಯೊಳಗೇ 'ಬನ್ಸ್, ಸಣ್ಣ ಚಾ' ಅಂದ್ರೆ ನಿಮಗೆ ಕೇಳ್ತಿರಲಿಲ್ವಾ?"

"ಕೇಳ್ತಿತ್ತು."

"ಗ್ರೈಂಡರ್ ನಿಲ್ಲಿಸಿ ಕೇಳ್ತಿದ್ರಾ?"

ಮುಂಡಪ್ಪಣ್ಣ ಇಲ್ಲವೆಂದು ತಲೆಯಾಡಿಸಿದರು.

"ಈ ಗುಂಯ್ ಅದಕ್ಕಿಂತ ದೊಡ್ಡದಾ? ಡಾಕ್ಟರಿಗೆ ತೋರಿಸುವ. ಹೋದ್ರೆ ಹೋಗ್ತದೆ. ಇಲ್ಲದಿದ್ರೆ ಗ್ರೈಂಡರ್ ತಿರುಗ್ತಾ ಉಂಟು ಅಂತ ತಿಳ್ಕೊಳ್ಳಿ."

ಫ್ಯಾನು ತಿರುಗಿತು, ಹಸಿರು ದೀಪ ಹೊತ್ತಿತು. ಪ್ರಫುಲ್ಲಕ್ಕನೇ ಎದ್ದು ಕೈಗೆ ಸಿಕ್ಕಿದ ಕ್ಯಾಸೆಟ್ ಹಾಕಿದರು. ಗುಂಯ್ ಇತ್ತು. ಅದರ ಆಚೆಯಿಂದ, ಮೂಲೆಯ ಬೆಂಚಿನವರು ಚಾ ಕೇಳಿದ ಹಾಗೆ, ಕರ್ಣ ತಗ್ಗಿದ ದನಿಯಲ್ಲಿ ತಾಯಿಯೊಡನೆ ಮಾತಾಡತೊಡಗಿದ. ಮುಂಡಪ್ಪಣ್ಣ ಮುಂದಕ್ಕೆ ಬಾಗಿದರು. ಬಸಳೆ ಆ ದಿನ ಬೇಯುವಾಗ ತಡವಾಯಿತು.

ವಾರದೊಳಗೆ ಇಬ್ಬರೂ ಮೆಲ್ಕಾರಿಗೆ ಹೋಗಿ ಪೆಟ್ಟಿಗೆಯನ್ನು ಹಾರಿಸನ ಮೇಜಿನ ಮೇಲಿಟ್ಟರು.

"ಇದು ಬೇಡ ಮಾರಾಯ, ಸ್ಟೆಬಿಲೈಸರ್ ಕೊಡು. ಪಂಪ್ ಬಿಟ್ಟಾಗ ವೋಲ್ಟೇಜ್ ಇಳಿಯುವುದು ಸತ್ಯ" ಅಂದರು ಮುಂಡಪ್ಪಣ್ಣ. "ಹಾಗೆ, ಬಿ.ಸಿ.ರೋಡಿನಲ್ಲಿ ಕಿವಿಯ ಡಾಕ್ಟರ್ ಎಷ್ಟು ಹೊತ್ತಿಗೆ ಸಿಗ್ತಾರೆ, ಗೊತ್ತುಂಟಾ?"

ಹಾರಿಸ್ ಒಮ್ಮೆ ಅವರನ್ನು ನೋಡಿದ. ಗಡಿಯಾರ ನೋಡಿ, "ಈಗ ಹೋದ್ರೆ ಸಿಗ್ತಾರೆ" ಅಂದ. ಮತ್ತೆ ಪ್ರಫುಲ್ಲಕ್ಕನ ಕಡೆ ತಿರುಗಿದ. "ಅಕ್ಕ, ನಿಮಗೂ ಕೇಳ್ತದೆ ಅಂದಿದ್ರಲ್ಲ ಇವರು, ಆ ಶಬ್ದ ಹೋಯ್ತಾ?"

ಪ್ರಫುಲ್ಲಕ್ಕ ಸೆರಗಿನ ಅಂಚು ಸರಿಮಾಡಿಕೊಳ್ಳತೊಡಗಿದರು. ಉತ್ತರ ಕೊಟ್ಟವರು ಮುಂಡಪ್ಪಣ್ಣ.

"ಇನ್ನೂ ಸ್ವಲ್ಪ ಉಂಟು" ಅಂದರು, "ನಮಗಿಬ್ಬರಿಗೂ."