ಟಿವಿಯಲ್ಲಿ ಬಂದ ಬಾಣಂತಿ ಸಾರು

ಧಾರಾವಾಹಿಯ ಅತ್ತೆ ಬೀರುವಿನ ಬಾಗಿಲು ತೆಗೆಯುವುದರಲ್ಲಿದ್ದಳು. ಅದರೊಳಗೆ ಏನಿದೆ ಅಂತ ನೋಡಲು ಅನಸೂಯಮ್ಮ ಒಂದು ವಾರದಿಂದ ಕಾದಿದ್ದರು. ಅಷ್ಟರಲ್ಲಿ ಟಿವಿ ಕಪ್ಪಾಯಿತು, ಮತ್ತೆ ಬೆಳಗಿತು. ಅತ್ತೆ ಇದ್ದ ಜಾಗದಲ್ಲಿ ಕೈತುಂಬ ಬಳೆ ತೊಟ್ಟ ಯಾರೋ ಹೆಂಗಸು ಬೆಳ್ಳುಳ್ಳಿ ಸುಲಿಯುತ್ತ ನಿಂತಿದ್ದಳು. “ನಮಸ್ಕಾರ ಸ್ನೇಹಿತರೇ, ಇವತ್ತು ಬಾಣಂತಿಯರಿಗೆ ಸಾರು ಮಾಡೋದು ಹೇಗೆ ಅಂತ ತೋರಿಸ್ತೀನಿ,” ಅಂದಳು.

ಜಾಹೀರಾತಿರಬೇಕು ಅಂತ ಅನಸೂಯಮ್ಮ ಸುಮ್ಮನಿದ್ದರು. ಆದರೆ ಆ ಹೆಂಗಸು ಹುಣಸೆಹಣ್ಣು ಕಿವುಚಲು ಶುರುಮಾಡಿದಾಗ ತಡೆಯಲಾಗಲಿಲ್ಲ. “ಬಾಣಂತಿಗೆ ಉಣಸೆಹುಳಿ ಉಯ್ತಾಳಲ್ಲ ಇವ್ಳು, ಮಗೀಗೆ ಆಗ್ಬರ್ತದಾ?” ಅಂತ ಟಿವಿಯನ್ನೇ ಕೇಳಿದರು. ಒಳಗಿನಿಂದ ಗಂಡ ಪುಟ್ಟರಾಜು ಬಂದು ರಿಮೋಟಿನ ಗುಂಡಿಗಳನ್ನೆಲ್ಲ ಒತ್ತಿ ಧಾರಾವಾಹಿಯನ್ನು ವಾಪಸು ತರುವಷ್ಟರಲ್ಲಿ ಬೀರು ಮುಚ್ಚಿತ್ತು, ಅತ್ತೆ ಅಳುತ್ತಿದ್ದಳು, ಯಾಕೆ ಅಂತ ಗೊತ್ತಾಗಲಿಲ್ಲ.

ಈ ಗೋಡೆಯಗಲದ ಟಿವಿ ಬಂದಾಗಿನಿಂದ ಅನಸೂಯಮ್ಮನಿಗೆ ಅದರ ಮೇಲೆ ಅಷ್ಟಕ್ಕಷ್ಟೇ. ಹಳೇ ದಪ್ಪ ಟಿವಿ ನಿಂತುಹೋದರೆ ತಲೆ ಮೇಲೆ ಒಂದು ಬಿಟ್ಟರೆ ಸರಿಹೋಗುತ್ತಿತ್ತು. ಇದರ ತಲೆ ಎಲ್ಲಿದೆ ಅನ್ನುವುದೇ ತಿಳಿಯದು. ಆದರೆ ಪುಟ್ಟರಾಜುವಿಗೆ ಹೊಸದೆಂದರೆ ಪ್ರಾಣ. ಗೊರೂರಿನ ನೀರಾವರಿ ಕಚೇರಿಯಿಂದ ನಿವೃತ್ತರಾಗಿ ಹೊಳೆನರಸೀಪುರದ ಸ್ವಂತ ಮನೆಗೆ ಬಂದ ಮೇಲೆ ಅವರ ಕೆಲಸವೆಂದರೆ ಇಂಥವನ್ನು ತರುವುದು, ಮತ್ತು ಫೋನಿಗೆ ಬಂದ ಇಮೇಲುಗಳನ್ನು ಓದುವುದು. ಬಂದ ಕಾಗದಕ್ಕೆ ಒಂದು ಗತಿ ಕಾಣಿಸಬೇಕು ಅನ್ನುವ ಕಚೇರಿಯ ಅಭ್ಯಾಸ ಅವರನ್ನು ಬಿಟ್ಟಿರಲಿಲ್ಲ. ಸಾಲ ಬೇಕೇ, ಕೂದಲು ಬೇಕೇ, ಲಂಡನ್ನಿನಲ್ಲಿ ಓದಬೇಕೇ ಅಂತ ಕೇಳುವ ಮೇಲುಗಳನ್ನೂ ಬೆಳಗಿನ ಕಾಫಿಯ ಜೊತೆ ಕೂತು ಪೂರ್ತಿ ಓದುತ್ತಿದ್ದರು.

ಮಾರನೆಯ ಸಂಜೆ ಟಿವಿಯಲ್ಲಿ ಎಳೆಮಗುವಿಗೆ ಎಣ್ಣೆನೀರು ಹಾಕುವುದು ಬಂತು. ಅದರ ಮಾರನೆಯ ದಿನ ಮಗು ಯಾಕೆ ಅಳುತ್ತದೆ ಅಂತ ಒಬ್ಬ ಡಾಕ್ಟರು ಹೇಳಿದರು. ಎಲ್ಲವೂ ಒಂದೆರಡು ನಿಮಿಷ, ಅಷ್ಟೇ, ಮತ್ತೆ ಮಾಯ.

“ಇದು ವೈರಸ್ಸೇ,” ಅಂದರು ಪುಟ್ಟರಾಜು. ಅವರ ಮುಖ ಬಾಡಿತ್ತು. ಟಿವಿಯ ಪ್ಲಗ್ಗು ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದರು. ಯಾಕೋ ಆ ದಿನ ಬೆಳಿಗ್ಗೆ ಅವರು ಮೇಲು ಓದಿರಲಿಲ್ಲ ಅನ್ನುವುದನ್ನು ಅನಸೂಯಮ್ಮ ಗಮನಿಸಿದ್ದರು.

ಅನಸೂಯಮ್ಮನಿಗೆ ಹೊಳೆದದ್ದೇ ಬೇರೆ. ರಾಗಿ ಬೀಸಿಸಲು ಹೋದಾಗ ಗಿರಣಿಯಲ್ಲಿ ಹೆಂಗಸರು ಆಡಿಕೊಂಡದ್ದು ನೆನಪಿಗೆ ಬಂತು. ನಾವು ಮಾತಾಡೋದನ್ನ ಫೋನು ಕೇಳಿಸಿಕೊಳ್ತದಂತೆ, ಸೀರೆ ಅಂದರೆ ಸೀರೆ ತೋರಿಸ್ತದಂತೆ, ಮನುಷ್ಯರಿಗಿಂತ ಮುಂಚೆ ಅದಕ್ಕೇ ಎಲ್ಲ ಗೊತ್ತಾಗ್ತದಂತೆ. ಈ ಟಿವಿಯನ್ನು ಜೋಡಿಸಿಕೊಟ್ಟವಳು ಮಗಳು ಸಿಂಧು. ದೀಪಾವಳಿಗೆ ಬಂದಾಗ ಅಪ್ಪನ ಪಾಸ್‌ವರ್ಡು ಮರೆತುಹೋಗಿದ್ದರಿಂದ ತನ್ನದೇ ಇಮೇಲು ಹಾಕಿ ಹೋಗಿದ್ದಳು. ಅಂದರೆ ಟಿವಿಗೂ ಸಿಂಧುವಿನ ಫೋನಿಗೂ ಒಳಗೊಳಗೇ ಮಾತುಕತೆ ಇದೆ. ಸಿಂಧುವಿಗೆ ಮದುವೆಯಾಗಿ ಮೂರು ವರ್ಷ.

ಮಗಳ ವಿಷಯ ಮನೆಯವರಿಗಿಂತ ಮೊದಲೇ ಟಿವಿಗೆ ಗೊತ್ತಾಗಿದೆ. ಗಂಡನಿಗೂ ಹೇಳಲಿಲ್ಲ. ಮಗಳಿಗೆ ಫೋನು ಮಾಡಿ, ಊಟ ಸೇರ್ತಿದೆಯಾ, ತಲೆಸುತ್ತು ಏನಾದರೂ ಇದೆಯಾ ಅಂತ ಸುತ್ತಿಬಳಸಿ ಕೇಳಿದರು. “ಯಾಕಮ್ಮ, ಊರಲ್ಲಿ ಜ್ವರ ಗಿರ ಇದೆಯಾ?” ಅಂದಳು ಸಿಂಧು. ಮುಚ್ಚಿಡುತ್ತಿದ್ದಾಳೆ ಅನ್ನುವುದು ಅನಸೂಯಮ್ಮನಿಗೆ ಖಾತ್ರಿಯಾಯಿತು. ರಾತ್ರಿಯೇ ಅಂಟಿನುಂಡೆ ಕಟ್ಟಿ ಡಬ್ಬಿ ತುಂಬಿ, ಭಾನುವಾರ ಬೆಳಿಗ್ಗೆ ಮಗಳ ಊರಾದ ಚನ್ನರಾಯಪಟ್ಟಣದ ಬಸ್ಸು ಹತ್ತಿದರು.

ಸಿಂಧು ಕಾಲೇಜಿನಲ್ಲಿ ಪಾಠ ಹೇಳುವವಳು. ಅಳಿಯ ದಿಲೀಪ್ ತೋಟದ ಕಡೆ ಹೋಗಿದ್ದ. ಮಗಳು ಬಡಿಸಿದ್ದನ್ನು ಉಣ್ಣುವುದು ಬಿಟ್ಟು ಅನಸೂಯಮ್ಮ ಮಗಳ ತಟ್ಟೆಯನ್ನೇ ನೋಡುತ್ತಿದ್ದರು. ಸಿಂಧು ಉಪ್ಪಿನಕಾಯಿಯನ್ನು ಎರಡನೇ ಸಲ ಹಾಕಿಕೊಂಡಾಗ ಅವರ ಬಾಯಿ ತಡೆಯಲಿಲ್ಲ.

“ನಂಗೆ ಎಲ್ಲ ಗೊತ್ತಾಗದೆ ಕಣವ್ವ.”

“ಏನು ಗೊತ್ತಾಗಿದೆ?”

“ಟಿವಿ ಹೇಳ್ತು.”

ಸಿಂಧುವಿಗೆ ಪೂರ್ತಿ ಕಥೆ ಕೇಳುವಷ್ಟರಲ್ಲಿ ನಗು ತಡೆಯಲಾಗದೆ ಅನ್ನ ನೆತ್ತಿಗೆ ಹತ್ತಿತು. ನೀರು ಕುಡಿದು, ಕಣ್ಣೊರೆಸಿಕೊಂಡು, ಮತ್ತೆ ನಕ್ಕಳು. ಅನಸೂಯಮ್ಮ ಪೆಚ್ಚಾಗಿ ಕೂತರು. ನಗು ನಿಂತ ಮೇಲೆ ಸಿಂಧು ತಟ್ಟೆಯಲ್ಲಿ ಬೆರಳಾಡಿಸುತ್ತ ಮೆಲ್ಲಗೆ ಹೇಳಿದಳು.

“ಗೆಳತಿ ಮಗೂಗೆ ಅಂತ ಒಂದು ಫ್ರಾಕು ತರಿಸಿದ್ದೆ ಅಮ್ಮ, ಹೋದ ವರ್ಷ. ಅವತ್ತಿಂದ ದಿನಾ ಮೇಲು. ತೊಟ್ಟಿಲು ಬೇಕಾ, ಮಗೂಗೆ ಎಷ್ಟು ತಿಂಗಳಾಯ್ತು, ಸೋಪು ಯಾವುದು ಹಾಕ್ತೀರಿ. ಎಷ್ಟು ಅಳಿಸಿದ್ರೂ ಬರ್ತಾನೇ ಇರ್ತವೆ. ಇಲ್ಲಿ ನೆಂಟರೂ ಅದನ್ನೇ ಕೇಳ್ತಾರೆ. ನೀನೊಬ್ಬಳು ಕೇಳಲ್ಲ ಅಂತ ನಾನು ನೆಮ್ಮದಿಯಾಗಿದ್ದೆ.”

ಅನಸೂಯಮ್ಮ ಮಗಳ ಬೆನ್ನು ಸವರಿದರು. ಮದುವೆಯಾದ ಹೊಸದರಲ್ಲಿ ತಮ್ಮನ್ನೂ ಜನ ಹೀಗೇ ತಿಂದದ್ದು ಅವರು ಮರೆತಿರಲಿಲ್ಲ. “ಇನ್ ಕೇಳಲ್ಲ ಬುಡು,” ಅಂದರು.

“ಆದಾಗ ನಿನಗೇ ಮೊದಲು ಹೇಳ್ತೀನಿ. ಟಿವಿಗೆ ಆಮೇಲೆ.” ಸಿಂಧು ಡಬ್ಬಿ ತೆಗೆದು ಒಂದು ಅಂಟಿನುಂಡೆ ಬಾಯಿಗೆ ಹಾಕಿಕೊಂಡಳು. “ಇದನ್ನ ತಿನ್ನೋಕೆ ಬಸುರಿ ಬಾಣಂತಿಯೇ ಆಗ್ಬೇಕು ಅಂತೇನಿಲ್ಲವಲ್ಲ. ಮತ್ತೆ ಇನ್ನೊಂದ್ಸಲ ಅದು ಬಂದಾಗ ಟಿವಿದೊಂದು ಫೋಟೋ ತೆಗೆದು ಕಳಿಸು. ಮೇಲ್ಗಡೆ ಏನಾದ್ರೂ ಹೆಸರು ಬರ್ತದಾ ನೋಡಣ.”

ಸೋಮವಾರ ಸಂಜೆ ಟಿವಿಯಲ್ಲಿ ಮತ್ತೆ ಸಾರು ಬಂತು. ಈ ಸಲ ಬೇರೆ ಹೆಂಗಸು, ಸಬ್ಬಸಿಗೆ ಸೊಪ್ಪು. ಅನಸೂಯಮ್ಮ ಫೋನು ಹಿಡಿದು ತಯಾರಾಗಿಯೇ ಕೂತಿದ್ದರು. ಪರದೆಯ ಮೂಲೆಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರ ಮೂಡಿ ಮರೆಯಾಯಿತು. ಫೋಟೋ ಹೋದ ಗಳಿಗೆಗೆಲ್ಲ ಸಿಂಧು ಫೋನು ಮಾಡಿದಳು.

“ಅಮ್ಮ, ಮೂಲೇಲಿ ಭೀಮನ ಫೋನು ಅಂತ ಬರೆದಿದೆ. ಭೀಮ ಅಂದ್ರೆ ಮೇಲ್ಗಡೆ ಬಾಡಿಗೆ ಮನೆಯವರಲ್ವಾ? ಅವರು ಫೋನಿಂದ ಹಾಕಿದ್ದು ದಾರಿ ತಪ್ಪಿ ನಿಮ್ಮ ಟಿವಿಗೆ ಬರ್ತಿದೆ.”

ಪಕ್ಕದಲ್ಲೇ ನಿಂತು ಕೇಳುತ್ತಿದ್ದ ಪುಟ್ಟರಾಜು ಕುರ್ಚಿಯಲ್ಲಿ ಕುಸಿದು ಕೂತರು. “ಅಂಗಾರೆ ವೈರಸ್ಸಲ್ಲ,” ಅಂದರು.

“ವೈರಸ್ಸು ಅಂತ ನಿಮಗ್ಯಾರು ಹೇಳಿದ್ದು?” ಅಂತ ಸಿಂಧು ಫೋನಿನಿಂದಲೇ ಕೇಳಿದಳು.

ಪುಟ್ಟರಾಜು ಕಾಲ ಬೆರಳು ನೋಡುತ್ತ ಹೇಳಿದರು. “ಒಂದ್ ಮೇಲು ಬಂದಿತ್ತು. ನಮ್ ಟಿವಿಗೆ ಸರಿಯಾಗೋ ಸ್ಪೀಕರ್ ಬಹುಮಾನ ಬಂದದೆ, ಇಲ್ಲಿ ಒತ್ತಿ ಅಂತ. ಒತ್ಬುಟ್ಟೆ.”

“ಸ್ಪೀಕರ್ ಬಂತಾ?”

“ಇಲ್ಲ. ಸಾರು ಬಂತು.”

ಅನಸೂಯಮ್ಮ ನಕ್ಕ ನಗುವಿಗೆ ಪುಟ್ಟರಾಜುವೂ ಕೊನೆಗೆ ಸೋತರು. ಫೋನಿನ ಆಚೆಯಿಂದ ಸಿಂಧು ಪಾಸ್‌ವರ್ಡು ಬದಲಾಯಿಸುವುದು ಹೇಗೆ ಅಂತ ಹೇಳುತ್ತಿದ್ದಳು. ಅದನ್ನು ಗಂಡನಿಗೆ ಬಿಟ್ಟು ಅನಸೂಯಮ್ಮ ಮೆಟ್ಟಿಲು ಹತ್ತಿದರು.

ಅರ್ಧ ಮೆಟ್ಟಿಲಿಗೇ ಬೆಳ್ಳುಳ್ಳಿ ಸೀದ ವಾಸನೆ ಮೂಗಿಗೆ ಬಡಿಯಿತು. ಬಾಗಿಲು ತೆಗೆದ ಭೀಮ ಸರ್ಕಾರಿ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು, ಆರಡಿ ಆಳು. ಹೆಗಲ ಮೇಲೆ ಟವೆಲ್, ಕೈಯಲ್ಲಿ ಸೌಟು. ಹಿಂದೆ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ತಮ್ಮದೇ ಟಿವಿಯ ಜೋಡಿಯಂಥ ಟಿವಿ. ಪುಟ್ಟರಾಜು ಹಾಸನದಿಂದ ತಂದದ್ದನ್ನು ನೋಡಿ ಮೆಚ್ಚಿ ಅದೇ ಅಂಗಡಿಯಿಂದ ಇವನೂ ತಂದಿದ್ದ. ವೈಫೈ ಎರಡು ಮನೆಗೂ ಒಂದೇ.

“ಏನ್ ಆಂಟಿ, ನೀರು ಬತ್ತಿಲ್ವಾ?” ಅಂದ ಭೀಮ.

“ನೀರಲ್ಲ ಕಣಪ್ಪ. ನಿನ್ ಟಿವಿ ಎಂಗದೆ?”

“ಅಯ್ಯೋ, ಕೆಟ್ಟೋಗದೆ ಆಂಟಿ. ಫೋನಿಂದ ಏನಾಕುದ್ರೂ ಬರೋದೇ ಇಲ್ಲ. ಅಂಗಡಿಯವ್ನಿಗೆ ಬಾಯಿಗೆ ಬಂದಂಗೆ ಬೈದೆ. ಆಮೇಲೆ ಚಿಕ್ಕ ಫೋನಲ್ಲೇ ನೋಡ್ಕೊತೀನಿ.”

“ಬತ್ತದೆ. ನಮ್ಮನೇಲಿ ಬತ್ತದೆ.”

ಭೀಮನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಎರಡು ಟಿವಿಗೂ ಕಾರ್ಖಾನೆಯಲ್ಲೇ ಇಟ್ಟ ಹೆಸರು ಒಂದೇ. ಫೋನಿನಲ್ಲಿ ಮೇಲೆ ಕಂಡ ಹೆಸರನ್ನು ಅವನು ಒತ್ತುತ್ತಿದ್ದ, ಅದು ಕೆಳಮನೆಯದು. ತಿಳಿದ ಕೂಡಲೇ ಆರಡಿ ಆಳು ನಾಚಿ ಮುಖ ಆಚೆ ತಿರುಗಿಸಿದ. “ಎಲ್ಲಾ ನೋಡುದ್ರಾ?”

“ಎಣ್ಣೆನೀರು, ಸಾರು, ಮಗೀನ ಅಳು, ಎಲ್ಲಾನೂವೆ.”

ಆಮೇಲೆ ಅವನೇ ಹೇಳಿದ. ಹೆಂಡತಿ ಕವನಾ ಅರಕಲಗೂಡು ಕಡೆಯ ತವರಿನಲ್ಲಿ ಹೆತ್ತಿದ್ದಳು. ಹೆಣ್ಣುಮಗು. ಮುಂದಿನ ವಾರ ಬರುತ್ತಾಳೆ. ಜೊತೆಗೆ ಬರುವ ಕವನಾಳ ತಾಯಿ ಸಣ್ಣಕ್ಕನಿಗೆ ಊರಲ್ಲಿ ಹಸು, ಹೊಲ. ನಾಲ್ಕು ದಿನಕ್ಕಿಂತ ಇರಲಾಗದು. ಆಮೇಲೆ ಅಡುಗೆ ಇವನದೇ. “ಓಟ್ಲಿಂದ ತಂದು ಬಾಣಂತಿಗೆ ಇಕ್ಕಕ್ಕಾಯ್ತದಾ? ಅವ್ಳಿಗೆ ಯೋಳಿಲ್ಲ. ಕಲ್ತು ತೋರಿಸಣ ಅಂತ.”

ಅನಸೂಯಮ್ಮ ಹೊಸಿಲ ಆಚೆಗೇ ನಿಂತಿದ್ದರು. ಭೀಮ, ಕವನಾ ಬಾಡಿಗೆಗೆ ಬಂದು ಎರಡು ವರ್ಷ. ಮನೆ ಕೊಡುವಾಗ ಬೀದಿಯವರು ಯಾವ ಜನ ಅಂತ ಕೇಳಿದ್ದಕ್ಕೆ, ಬಾಡಿಗೆ ಕೊಡೋ ಜನ ಅಂತ ಪುಟ್ಟರಾಜು ಬಾಯಿ ಮುಚ್ಚಿಸಿದ್ದರು. ಅನಸೂಯಮ್ಮ ಆಗ ಹೂಂ ಅಂದಿದ್ದರು. ಆದರೆ ನೀರಿನ ವಿಷಯವಿರಲಿ, ಕರೆಂಟ್ ಬಿಲ್ಲಿರಲಿ, ಅವರ ಮಾತೆಲ್ಲ ಮೆಟ್ಟಿಲ ಮೇಲೆಯೇ ಮುಗಿಯುತ್ತಿತ್ತು. ಮೊದಮೊದಲು ಕವನಾ ಒಳಗೆ ಬನ್ನಿ ಅನ್ನುತ್ತಿದ್ದಳು. ಈಚೆಗೆ ಕರೆಯುವುದನ್ನು ಬಿಟ್ಟಿದ್ದಳು. ಇವತ್ತು ಭೀಮನೂ ಕರೆಯಲಿಲ್ಲ. ಬಾಗಿಲಿಗೆ ಅಡ್ಡವಾಗಿಯೇ ನಿಂತಿದ್ದ.

“ಒಳಕ್ಕೆ ಬರ್ಲಾ?” ಅಂತ ಅನಸೂಯಮ್ಮನೇ ಕೇಳಿದರು.

ಭೀಮ ಅವರ ಮುಖವನ್ನೊಮ್ಮೆ ನೋಡಿ ಪಕ್ಕಕ್ಕೆ ಸರಿದ. “ಬನ್ನಿ. ಒಗೆ ತುಂಬ್ಕೊಂಡದೆ, ಕಣ್ಣುರೀತದೆ.”

ಒಲೆ ಮೇಲೆ ಕಪ್ಪು ಸಾರು ಕುದಿಯುತ್ತಿತ್ತು. ಅನಸೂಯಮ್ಮ ಅಂಗೈ ಒಡ್ಡಿದರು. ಭೀಮ ಅರೆಗಳಿಗೆ ತಡೆದು, ಸೌಟಿನಿಂದ ನಾಲ್ಕು ಹನಿ ಬಿಟ್ಟ. ನೆಕ್ಕಿ ನೋಡಿ ಅನಸೂಯಮ್ಮ ಮುಖ ಕಿವುಚಿದರು.

“ಇದುನ್ನ ಕುಡಿದ್ರೆ ಬಾಣಂತಿ ಎದ್ದು ತವರಿಗೆ ಓಡೋಯ್ತಾಳೆ.”

“ಅಷ್ಟ್ ಕೆಟ್ಟದಾಗದಾ?”

“ಮೆಣಸು ಉರಿದಿದ್ದು ಜಾಸ್ತಿಯಾಯ್ತು. ಉಣಸೆಹುಳಿ ಬ್ಯಾರೆ ಉಯ್ದಿದ್ದೀಯ. ಆ ಬಳೆಯವ್ಳು ಯೋಳುದ್ಲು ಅಂತ ಉಯ್ದುಬುಡಾದಾ? ಚೆಲ್ಲು. ಪಾತ್ರೆ ತೊಳಿ.”

ಭೀಮ ಚೆಲ್ಲಿದ. ಪಾತ್ರೆ ತೊಳೆದ. ಆ ಸಂಜೆಯಿಂದ ಧಾರಾವಾಹಿಯ ಹೊತ್ತಿಗೆ ಅನಸೂಯಮ್ಮ ಮೇಲಿನ ಮನೆಯಲ್ಲಿರುತ್ತಿದ್ದರು. ಮೆಣಸು, ಜೀರಿಗೆ ಹದವಾಗಿ ಬಿಸಿಯಾದರೆ ಸಾಕು, ಬೆಳ್ಳುಳ್ಳಿ ತುಪ್ಪದಲ್ಲಿ ಕೆಂಪಗಾಗಬೇಕು, ಸೊಪ್ಪು ಕೊನೆಗೆ. ಭೀಮ ಮೈದಾನದಲ್ಲಿ ಹುಡುಗರನ್ನು ಓಡಿಸುವ ಶಿಸ್ತಿನಲ್ಲೇ ಕಲಿತ. ಒಮ್ಮೆ ಹೇಳಿದ್ದನ್ನು ಮತ್ತೆ ಹೇಳಿಸಿಕೊಳ್ಳಲಿಲ್ಲ. ಕೆಳಗೆ ಪುಟ್ಟರಾಜು ಒಬ್ಬರೇ ಕೂತು ಧಾರಾವಾಹಿ ನೋಡಿ, ಆಮೇಲೆ ಹೆಂಡತಿಗೆ ಕಥೆ ಒಪ್ಪಿಸಬೇಕಿತ್ತು. ಅವರು ಎಲ್ಲ ಪಾತ್ರಗಳನ್ನೂ ಕಲಸಿಬಿಡುತ್ತಿದ್ದರು.

ಕವನಾ ಬಂದ ದಿನ ಮಗುವಿಗೆ ಆರತಿ ಎತ್ತಿ ಒಳಗೆ ಕರೆದುಕೊಂಡವರು ಅನಸೂಯಮ್ಮ. ತನ್ನ ಅಡುಗೆಮನೆಯಿಂದ ಅವರು ಚೊಂಬು ಹಿಡಿದು ಹೊರಬಂದದ್ದನ್ನು ಕಂಡ ಕವನಾ ಗಂಡನ ಕಡೆ ನೋಡಿದಳು. ಅವನು ಆಮೇಲೆ ಹೇಳುತ್ತೇನೆ ಅನ್ನುವಂತೆ ಕಣ್ಣು ಮಿಟುಕಿಸಿದ. ಮಧ್ಯಾಹ್ನ ಅವನು ತಟ್ಟೆಗೆ ಬಿಸಿ ಅನ್ನ ಹಾಕಿ ಸಾರು ಬಿಟ್ಟಾಗ ಕವನಾ ತಟ್ಟೆ ಖಾಲಿಮಾಡಿದಳು. ಎರಡನೇ ಸಲ ಬಡಿಸಿಕೊಂಡಳು. “ಯಾರ್ ಮಾಡಿದ್ದು?” ಅಂತ ಕೇಳಿದಳು. ಭೀಮ ಎದೆ ತಟ್ಟಿಕೊಂಡ. ಕವನಾ ನಂಬದೆ ಅನಸೂಯಮ್ಮನ ಕಡೆ ತಿರುಗಿದಳು. “ಅವ್ನೇ ಕಣವ್ವ, ನಾನು ಸೌಟೂ ಮುಟ್ಟಿಲ್ಲ,” ಅಂದರು ಅನಸೂಯಮ್ಮ. ಕವನಾಳ ಕಣ್ಣು ತುಂಬಿಬಂತು. ಮೆಣಸಿನ ಖಾರ ಅಂದಳು.

ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ ಸಣ್ಣಕ್ಕನೂ ಸಾರು ರುಚಿ ನೋಡಿದಳು. ತುಂಬ ಹೊತ್ತು ನಾಲಿಗೆಯ ಮೇಲೆ ಆಡಿಸಿದಳು. “ಚೆಂದಾಗದೆ. ಆದ್ರೆ ಬೆಳ್ಳುಳ್ಳಿನ ತುಪ್ಪದಲ್ಲಿ ಯಾರು ಉರಿ ಅಂದೋರು?”

“ನಾನೇ,” ಅಂದರು ಅನಸೂಯಮ್ಮ. “ನಮ್ ಕಡೆ ಅಂಗೇ ಮಾಡಾದು.”

“ಕೆಂಡದಲ್ಲಿ ಸುಟ್ಟಾಕ್ಬೇಕು ಅಮ್ಮಾರೆ. ತುಪ್ಪ ಆಕುದ್ರೆ ಅದು ಬಾಯಿಗಾಯ್ತದೆ, ಮೈಗೆ ಆಗಲ್ಲ.”

“ಮೂರು ಬಾಣಂತನ ಮಾಡಿವ್ನಿ ನಾನು.”

“ನಾನು ಊರೊಟ್ಟಿಗೆ ಮಾಡಿವ್ನಿ,” ಅಂದಳು ಸಣ್ಣಕ್ಕ, ಮಗುವಿನ ಬಾಯೊರೆಸುತ್ತ.

ಭೀಮ ಪಾತ್ರೆ ತೆಗೆದುಕೊಂಡು ಮೆಲ್ಲಗೆ ಅಡುಗೆಮನೆಗೆ ಜಾರಿಕೊಂಡ. ಸಣ್ಣಕ್ಕ ಮಾತಿಗೇ ನಿಲ್ಲಿಸಲಿಲ್ಲ. ಮಾರನೆಯ ದಿನ ಎಲ್ಲಿಂದಲೋ ಇದ್ದಿಲು ತರಿಸಿ, ತಾರಸಿಯ ಮೇಲೆ ಬೆಳ್ಳುಳ್ಳಿ ಸುಟ್ಟು, ತನ್ನ ಸಾರು ಮಾಡಿ, ಒಂದು ಡಬ್ಬಿ ಕೆಳಗೆ ಕಳಿಸಿದಳು. ಅನಸೂಯಮ್ಮ ಅದನ್ನು ಬಿಸಿ ಮುದ್ದೆಯ ಜೊತೆ ಗಂಡನಿಗೂ ಬಡಿಸಿ ತಾವೂ ಬಡಿಸಿಕೊಂಡರು. ಪುಟ್ಟರಾಜು ತಟ್ಟೆ ಬಳಿದು ಡಬ್ಬಿಯತ್ತ ಕೈ ಚಾಚಿದರು, ಅದು ಆಗಲೇ ಖಾಲಿಯಾಗಿತ್ತು.

“ನಿಂದಕ್ಕಿಂತ ಇದೇ—” ಅಂತ ಶುರುಮಾಡಿದರು.

“ಗೊತ್ತಾಯ್ತು, ಸುಮ್ಕೆ ಉಣ್ಣಿ,” ಅಂದರು ಅನಸೂಯಮ್ಮ. “ಮ್ಯಾಲೆ ಓಗಿ ಯೋಳೀರಾ ಮತ್ತೆ.”