ಹಾವಿನ ತಲೆಗೆ ಮೊಸರು

ಕೈಯನ್ನು ಹೆಗಲವರೆಗೂ ಒಳಗೆ ತೂರಿಸಿದೆ. ಮನೆಗಳನ್ನು ಬೆಚ್ಚಗಿಡಲು ಬೀದಿಯುದ್ದಕ್ಕೂ ಹಾಯುವ ಬಿಸಿನೀರಿನ ಕೊಳವೆಗೆ ಸುತ್ತಿದ್ದ ಗಾಜಿನ ನಾರು ಚರ್ಮಕ್ಕೆ ಚುಚ್ಚಿತು. ಮೇಲೆ ಕೊಳವೆ ಸುಡುತ್ತಿತ್ತು, ಕೆಳಗೆ ಕಾಂಕ್ರೀಟು ಮಂಜುಗಡ್ಡೆಯಂತಿತ್ತು. ನಡುವಿನ ಸಂದಿಯಲ್ಲಿ ಬೆರಳಿಗೆ ಏನೋ ತಾಗಿತು. ಕಲ್ಲಲ್ಲ, ಚಿಂದಿಯಲ್ಲ.

"ಸಿಕ್ತೇನೇ?" ಬೀದಿಬೆಕ್ಕುಗಳಿಗೆ ಗಂಜಿ ಹಾಕುವ ಲ್ಯೂಬಾ ಅಜ್ಜಿ ಹಿಂದಿನಿಂದ ಕೇಳಿದಳು. "ನನ್ನ ಬೆಕ್ಕುಗಳಿಗೇನು ಹುಚ್ಚಾ? ಇಡೀ ಬೀದಿಗೆ ಬೆಚ್ಚಗಿರೋ ಜಾಗ ಇದೊಂದೇ. ಇದನ್ನ ಬಿಟ್ಟು ಹಿಮದಲ್ಲಿ ಕೂತಿವೆ ಅಂದ್ರೆ ಒಳಗೆ ಯಾರೋ ಬಾಡಿಗೆಗೆ ಬಂದಿದಾರೆ ಅಂತ ಆಗ್ಲೇ ಅಂದ್ಕೊಂಡೆ."

"ಸಿಕ್ಕಿದ್ಲು ಅಜ್ಜಿ."

ನಿಧಾನವಾಗಿ ಎಳೆದೆ. ಜಿಬೆಕ್. ಹಾಗೆಂದರೆ ರೇಷ್ಮೆ. ನನ್ನ ಹೆಬ್ಬಾವು. ಬೆನ್ನಿನ ಒಂದು ಕಡೆ ಸುಟ್ಟು ಕಂದಿತ್ತು, ಹೊಟ್ಟೆ ತಣ್ಣಗೆ ಕೊರೆಯುತ್ತಿತ್ತು. ಸ್ವೆಟರಿನೊಳಗೆ ಹಾಕಿಕೊಂಡು ಮೈಗೊತ್ತಿಕೊಂಡೆ. ಬಹಳ ಹೊತ್ತಿನ ಮೇಲೆ ನಾಲಗೆ ಒಮ್ಮೆ ಹೊರಬಂದು ಹೋಯಿತು. ಬದುಕಿದ್ದಳು.

ಆಗಲೇ ಕಂಡದ್ದು. ತಲೆಯ ಮೇಲೆ, ಕಣ್ಣಿನ ಅಂಚಿನವರೆಗೆ, ಒಣಗಿ ಬಿರಿದ ಬಿಳಿ ಪದರ.

"ಹಕ್ಕಿ ಹಿಕ್ಕೆನಾ ಅದು?"

ಮೂಸಿದೆ. ಹುಳಿ ವಾಸನೆ. "ಮೊಸರು."

"ಹಾವಿಗ್ಯಾಕೆ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಅವಳು ರಷ್ಯನ್ನಳು, ಆದರೆ ಬಿಷ್ಕೆಕ್‌ನಲ್ಲೇ ಹುಟ್ಟಿ ಮುದುಕಿಯಾದವಳು. ನಮ್ಮ ಕಿರ್ಗಿಜರ ಮನೆಗಳಲ್ಲಿ ಏನು ಮಾಡುತ್ತಾರೆಂದು ಅವಳಿಗೂ ಗೊತ್ತು. ಮನೆಗೆ ಬಂದ ಹಾವನ್ನು ನಾವು ಕೊಲ್ಲುವುದಿಲ್ಲ. ತಲೆಗೆ ಬಿಳಿಯದೇನನ್ನಾದರೂ, ಹಾಲೋ ಮೊಸರೋ, ಸುರಿದು ಹೊರಗೆ ಬಿಡುತ್ತೇವೆ. ಹಾಗೆ ಮಾಡಿದವರಿಗೆ ಪಾಪ ತಟ್ಟುವುದಿಲ್ಲ.

ಕಳ್ಳ ಮೊಸರು ಸುರಿಯುವುದಿಲ್ಲ. ತಾನಾಗಿ ತಪ್ಪಿಸಿಕೊಂಡ ಹಾವು ದಾರಿಯಲ್ಲಿ ಮೊಸರು ಹಚ್ಚಿಕೊಳ್ಳುವುದೂ ಇಲ್ಲ.

ಹನ್ನೆರಡು ಪ್ರಾಣಿಗಳ ಪಂಚಾಂಗದಲ್ಲಿ ಹೋದ ವರ್ಷ ಹಾವಿನ ವರ್ಷವಾಗಿತ್ತು. ಅದೃಷ್ಟ ತರುತ್ತದೆಂದು ಜನ ಹಾವು ಕೊಂಡರು, ಉಡುಗೊರೆ ಕೊಟ್ಟರು. ವರ್ಷ ಇಳಿಮುಖವಾದಂತೆ ಹಾವುಗಳು ರಟ್ಟಿನ ಪೆಟ್ಟಿಗೆಗಳಲ್ಲಿ ಬೀದಿಗೆ ಬಂದವು. ಹೊಲಿಗೆ ಕಾರ್ಖಾನೆಯಿಂದ ಬರುವಾಗ ಸಿಕ್ಕವನ್ನು ಎತ್ತಿಕೊಂಡು ಬರುತ್ತಿದ್ದೆ, ಆರೈಕೆ ಮಾಡಿ ಸಾಕಬಲ್ಲವರಿಗೆ ಕೊಡುತ್ತಿದ್ದೆ. ಜಿಬೆಕ್ ಒಬ್ಬಳು ಉಳಿದಳು. ಚೌಕದಲ್ಲಿ ಫೋಟೊ ತೆಗೆಯುವವನೊಬ್ಬ ಅವಳನ್ನು ಬಂದವರ ಕೊರಳಿಗೆಲ್ಲ ಹಾಕಿ ಹಾಕಿ ಜಜ್ಜಿದ್ದ. ಅವನ ಕೈಯಿಂದ ಅವಳನ್ನು ಕಿತ್ತುಕೊಂಡದ್ದು ನನ್ನಣ್ಣ ಕುಬಾತ್. ಅವತ್ತು ಅವಳನ್ನು ತನ್ನ ಕೋಟಿನೊಳಗೆ ಹೊತ್ತು ತಂದವನೂ ಅವನೇ.

ಅಣ್ಣ ಕಿಟಕಿ ಬಾಗಿಲು ಕೂರಿಸುವವನು. ಹಳೇ ಕಿಟಕಿಯ ಜೋಡಿಗಾಜು ತಂದು ಅವಳಿಗೆ ಪೆಟ್ಟಿಗೆ ಮಾಡಿದ, ದೀಪ ಇಟ್ಟ, ಚಿಲಕ ಜಡಿದ. ಮೊನ್ನೆ ನಾನು ಕೆಲಸದಿಂದ ಬಂದಾಗ ಪೆಟ್ಟಿಗೆ ಖಾಲಿ. ಅಣ್ಣ ಹಣೆ ಬಡಿದುಕೊಂಡ. "ನಂದೇ ತಪ್ಪು ಬುರುಲ್. ಚಿಲಕ ಸಡಿಲ ಇತ್ತು." ಫ್ರಿಜ್ಜಿನ ಕೆಳಗೆ ಮಲಗಿ ನೋಡಿದ. ನೆಲಮಾಳಿಗೆಯ ಧೂಳೆಲ್ಲ ಮೈಗೆ ಬಳಿದುಕೊಂಡು ಬಂದ. ಅವನ ಮಂಡಿ ತರಚಿತ್ತು, ನಾನೇ ಮುಲಾಮು ಹಚ್ಚಿದೆ. ಕೊಳವೆಗಳ ಹತ್ತಿರ ನೋಡೋಣ ಎಂದರೆ, "ಅಲ್ಲಿ ಆಗ್ಲೇ ನೋಡಿದೆ, ಇಲ್ಲ. ನೀನು ಗ್ಯಾರೇಜಿನ ಕಡೆ ಹೋಗು" ಎಂದ. ಹೋದೆ. ಕಿವಿಯೇ ಇಲ್ಲದವಳನ್ನು ಹೆಸರು ಹಿಡಿದು ಕೂಗುತ್ತ ಹಿಮದಲ್ಲಿ ತಿರುಗಿದೆ.

ಜಿಬೆಕ್‌ಳನ್ನು ಹೊತ್ತು ಮನೆಗೆ ಬಂದಾಗ ಬಾಗಿಲು ತೆಗೆದವನು ಅಣ್ಣನೇ. ಸ್ವೆಟರಿನ ಉಬ್ಬು ಕಂಡು ಅವನ ಮುಖ ಅರಳಿತು. ನಟನೆಯಲ್ಲ, ನಿಜವಾಗಿ ಅರಳಿತು. ನನಗೆ ತಡೆಯಲಾಗದ್ದು ಅದೇ.

"ಸಿಕ್ಕಿದ್ಲಾ? ಜೀವ ಇದೆಯಾ? ಎಲ್ಲಿದ್ಲು?"

"ನೀನೇ ಹೇಳು."

"ನಂಗೇನು ಗೊತ್ತು? ಗ್ಯಾರೇಜಲ್ಲಾ?"

ಕೊರಳಪಟ್ಟಿ ಸರಿಸಿ ಅವಳ ತಲೆ ತೋರಿಸಿದೆ. "ಮೊಸರು ಮನೇದಾ, ಅಂಗಡೀದಾ?"

ಅವನು ಗೋಡೆ ನೋಡಿದ. ಉತ್ತರ ಬಂದದ್ದು ಅಡುಗೆಮನೆಯಿಂದ. "ಮನೇದು. ನಾನೇ ಹೆಪ್ಪು ಹಾಕಿದ್ದು." ಅತ್ತಿಗೆ ಮೈರಾಮ್ ತುಂಬಿದ ಹೊಟ್ಟೆಗೆ ಕೈ ಆನಿಸಿಕೊಂಡು ಬಾಗಿಲಿಗೆ ಬಂದಳು. "ಅವರನ್ನ ಬೈಬೇಡ ಬುರುಲ್. ನಮ್ಮಮ್ಮ ದಿನಾ ಫೋನ್ ಮಾಡಿ ಅಳ್ತಾಳೆ. ಹೋದ ಸಲದ ಬಸಿರು ನಿಲ್ಲಲಿಲ್ಲ, ಈ ಸಲ ಮನೇಲಿ ಹಾವು ಬೇರೆ ಇಟ್ಕೊಂಡಿದೀರ ಅಂತ."

"ಹೋದ ಸಲ ಹಾವೇ ಇರಲಿಲ್ವಲ್ಲ ಅತ್ತಿಗೆ."

"ನಂಗೊತ್ತು. ಅವಳಿಗೆ ಯಾರು ಹೇಳೋರು?"

"ಹಿಮಕ್ಕೆ ಎಸೀಲಿಲ್ಲ ಕಣೇ," ಅಣ್ಣ ಬಾಯಿಬಿಟ್ಟ. "ಬೆಚ್ಚಗಿರೋ ಜಾಗ ಹುಡುಕಿ ಬಿಟ್ಟೆ. ಮೊಸರು ಹಾಕಿ, ಕ್ಷಮಿಸು ಅಂತ ಕೇಳ್ಕೊಂಡೆ."

"ಅವಳನ್ನ ಕೇಳಿದೆ. ನನ್ನ?"

"ನಿನ್ನ ಕೇಳಿದ್ರೆ ಅವಳನ್ನ ಎತ್ಕೊಂಡು ನೀನೂ ಹೊರಟುಬಿಡ್ತಿದ್ದೆ. ಅಪ್ಪ ಅಮ್ಮ ಹೋದ್ಮೇಲೆ ನಿನ್ನ ಸಾಕಿದೋನು ನಾನು. ಹೇಗೆ ಹೋಗು ಅನ್ಲಿ?"

"ಅನ್ನಬೇಕಿತ್ತು. ಇವಳ ಬೆನ್ನು ಸುಡ್ತಿರಲಿಲ್ಲ. ಮನೆಗೆ ತಾನಾಗಿ ಬಂದ ಹಾವಿಗೆ ಮೊಸರು ಹಾಕೋದು ಅಣ್ಣ. ಇವಳು ತಾನಾಗಿ ಬಂದೋಳಲ್ಲ. ನೀನು ಹೊತ್ಕೊಂಡು ಬಂದೋಳು."

ಅವನು ಬಾಗಿಲು ಮುಚ್ಚಿ ಚಿಲಕ ಹಾಕಲು ತಿರುಗಿದ.

"ಚಿಲಕ ಸಡಿಲ ಅಂದೆಯಲ್ಲ? ನೀನು ಜಡಿದ ಚಿಲಕ ಈ ಊರಲ್ಲಿ ಒಂದಾದ್ರೂ ಸಡಿಲ ಆಗಿದೆಯಾ? ನಾನು ನಂಬಿದೆ ನೋಡು. ಮುಲಾಮು ಬೇರೆ ಹಚ್ಚಿದೆ."

ಜಿಬೆಕ್‌ಳನ್ನು ದಿಂಬಿನ ಚೀಲಕ್ಕಿಳಿಸಿದೆ. ಬಿಸಿನೀರು ತುಂಬಿದ ಬಾಟಲಿಗೆ ಟವೆಲು ಸುತ್ತಿ ಪಕ್ಕದಲ್ಲಿಟ್ಟೆ. ಬಟ್ಟೆ ತುಂಬಿಕೊಂಡೆ. ಬೆಕ್ಕುಗಳು ಒಪ್ಪಿದರೆ ತನ್ನ ಮನೆಯಲ್ಲಿ ಒಂದು ಮೂಲೆ ಕೊಡುತ್ತೇನೆಂದು ಲ್ಯೂಬಾ ಅಜ್ಜಿ ಹೇಳಿದ್ದಳು.

"ಇರು ಬುರುಲ್," ಅಣ್ಣ ಹಿಂದೆ ಹಿಂದೆ ಬಂದ. "ನನ್ನ ಕಿಟಕಿ ಕೆಲಸದ ಶೆಡ್ಡಲ್ಲಿ ದೊಡ್ಡ ಪೆಟ್ಟಿಗೆ ಮಾಡಿಕೊಡ್ತೀನಿ. ನೆಲದಡಿ ಬಿಸಿತಂತಿ ಹಾಕ್ತೀನಿ. ನೀನು ದಿನಾ ಬಂದು ನೋಡ್ಕೋ. ಮಗು ಹುಟ್ಟಿದ್ಮೇಲೆ ಮನೆಗೇ ತರೋಣ."

ನಾನು ಬೂಟಿನ ದಾರ ಕಟ್ಟಿ ಮೆಟ್ಟಿಲಿಗೆ ಬಂದೆ.

ಹಿಂದೆ ದಬದಬ ಸದ್ದು. ಕಾಲುಚೀಲದಲ್ಲೇ ಓಡಿ ಬಂದಿದ್ದ. ಕೈಯಲ್ಲಿ ದುಂಡನೆಯ ರೊಟ್ಟಿ. ಶಾಲೆಗೆ ಹೋಗುವ ದಿನಗಳಿಂದಲೂ ಹೀಗೆಯೇ. ಇವತ್ತಿನವರೆಗೆ ರೊಟ್ಟಿಯ ತುಣುಕು ಬಾಯಿಗೆ ಹಾಕಿಕೊಳ್ಳದೆ ನಾನು ಈ ಹೊಸ್ತಿಲು ದಾಟಿದ್ದೇ ಇಲ್ಲ, ದಾಟಲು ಅವನು ಬಿಟ್ಟದ್ದೂ ಇಲ್ಲ. ರೊಟ್ಟಿ ಮುರಿದು ತಿಂದು ಹೋದವರು ಉಳಿದದ್ದನ್ನು ಮುಗಿಸಲು ಬಂದೇ ಬರುತ್ತಾರೆ ಎಂಬುದು ಅಮ್ಮನ ಮಾತು. ಯುದ್ಧಕ್ಕೆ ಹೋದ ತಾತ ಮುರಿದು ಉಳಿಸಿದ ರೊಟ್ಟಿಯನ್ನು ನಮ್ಮಜ್ಜಿ ಗೋಡೆಗೆ ತೂಗುಹಾಕಿದ್ದಳಂತೆ. ಹಗೆಯವನು ಕೊಟ್ಟ ರೊಟ್ಟಿಯನ್ನೂ ಬೇಡ ಅನ್ನುವವರಲ್ಲ ನಾವು.

"ಕೋಪ ಇದ್ರೆ ಇರಲಿ," ಎಂದ. "ಒಂದು ಚೂರು ಮುರ್ಕೋ. ಬಾಯಿಗೆ ತಾಗಿಸಿದ್ರೂ ಸಾಕು."

ದಿಂಬಿನ ಚೀಲದೊಳಗೆ ಜಿಬೆಕ್ ಮಿಸುಕಿದಳು.

"ಮುಟ್ಟಲ್ಲ," ಅಂದೆ.