ಮಾಸ್ತರನ್ನು ಬಿಸಿಲಿಗೆ ಬಿಟ್ಟದ್ದು

ಕಾರಿನ ಟೈರಿಗೆ ಗಾಳಿ ತುಂಬಿಸಿಕೊಂಡು ಬರುತ್ತೇನೆಂದು ಹೋದ ಮೃತ್ಯುಂಜಯ ಊಟದ ಹೊತ್ತಿಗೆ ಒಂದು ಊಸರವಳ್ಳಿ ಮರಿಯನ್ನು ಮನೆಗೆ ತಂದ. ಹಿಂದಿನ ಸೀಟಿನಲ್ಲಿ ಎತ್ತರದ ಜಾಲರಿ ಗೂಡು, ಎರಡು ದೀಪ, ಕುಂಡದಲ್ಲಿ ಮನಿ ಪ್ಲಾಂಟ್, ಒಳಗೆ ಜೀರುಂಡೆಗಳು ಚಟಪಟಗುಟ್ಟುವ ಪ್ಲಾಸ್ಟಿಕ್ ಡಬ್ಬಿ. ಟೈರಿಗೆ ಗಾಳಿ ಮಾತ್ರ ತುಂಬಿರಲಿಲ್ಲ.

ವಿಜಯಾ ಬಾಗಿಲಲ್ಲೇ ನಿಂತುಬಿಟ್ಟಳು. "ಏನ್ರೀ ಇದು? ಯಾರದ್ದು?"

"ನಮ್ಮದೇ. ಇಲ್ಲಿ ಬಾ, ಕಣ್ಣು ನೋಡು ಇದರದ್ದು. ಒಂದು ನಿನ್ನನ್ನ ನೋಡ್ತಿದೆ, ಇನ್ನೊಂದು ನನ್ನನ್ನ. ಜೀವಮಾನ ಇಡೀ ಕಣ್ಣಿನ ಕೆಲಸವೇ ಮಾಡಿದೆ, ಇಂಥಾದ್ದನ್ನ ಇಷ್ಟು ಹತ್ತಿರದಿಂದ ನೋಡೇ ಇರಲಿಲ್ಲ."

ಬೆರಳಿನಷ್ಟುದ್ದದ, ಎಳೆ ಎಲೆಯ ಬಣ್ಣದ ಜೀವ. ತಲೆಯ ಮೇಲೆ ಪುಟ್ಟ ಟೋಪಿಯಂಥ ಏಣು. ಅದು ಕಡ್ಡಿಯೊಂದನ್ನು ಹಿಡಿದು ಹಿಂದೆ ಮುಂದೆ ತೂಗಾಡುತ್ತ, ಇಡಲೋ ಬೇಡವೋ ಎಂಬಂತೆ ಒಂದು ಕಾಲನ್ನು ಗಾಳಿಯಲ್ಲಿ ಹಿಡಿದಿತ್ತು. ವಿಜಯಾಗೆ ಹಲ್ಲಿ ಕಂಡರೇ ಮೈ ಜುಮ್ಮೆನ್ನುತ್ತಿತ್ತು. ಆದರೂ ಅವಳು ವಾಪಸು ಕೊಟ್ಟು ಬನ್ನಿ ಎನ್ನಲಿಲ್ಲ. ಗಂಡನ ಮುಖದಲ್ಲಿ ಅಂಥ ಬೆಳಕು ಕಂಡು ತಿಂಗಳುಗಳೇ ಆಗಿದ್ದವು.

ಹಿಂದಿನ ಶರತ್ಕಾಲದಲ್ಲಿ, ಆಪರೇಷನ್ ಥಿಯೇಟರಿನಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂತಿದ್ದ ಕಣ್ಣಿನ ಸರ್ಜನ್ ಮೃತ್ಯುಂಜಯನಿಗೆ, ಸಾವಿರಾರು ಸಲ ಮಾಡಿದ ಕೆಲಸದ ಮುಂದಿನ ಹೆಜ್ಜೆ ಯಾವುದೆಂದು ಹೊಳೆಯಲಿಲ್ಲ. ಪಕ್ಕದಲ್ಲಿದ್ದವರು ಮುಗಿಸಿಕೊಟ್ಟರು, ರೋಗಿಗೆ ಏನೂ ಆಗಲಿಲ್ಲ. ಅವನು ಗೌನು ಬಿಚ್ಚಿಟ್ಟು ಹೊರಗೆ ಬಂದವನು ಮತ್ತೆ ಒಳಗೆ ಕಾಲಿಡಲಿಲ್ಲ. ಆಮೇಲೆ ಸ್ಕ್ಯಾನು, ಮೆಮರಿ ಕ್ಲಿನಿಕ್ಕು, ಕೊನೆಗೆ ಆ ಹೆಸರು. ವಿಜಯಾ ಸ್ವತಃ ಜಿಪಿ, ಬಡಾವಣೆಯ ಕ್ಲಿನಿಕ್ಕಿನ ಡಾಕ್ಟರು. ಅಲ್ಜೈಮರ್ಸ್ ಎಂಬ ಮಾತನ್ನು ಎಷ್ಟೋ ಹೆಂಡತಿಯರಿಗೆ, ಟಿಶ್ಯೂ ಡಬ್ಬಿಯನ್ನು ಮುಂದಕ್ಕೆ ಸರಿಸುತ್ತ, ಮೆಲ್ಲಗೆ ಹೇಳಿದ್ದವಳು. ತನಗೆ ಯಾರೋ ಹಾಗೆ ಡಬ್ಬಿ ಸರಿಸಿದಾಗ ಅದನ್ನು ಮುಟ್ಟದೆ ಎದ್ದು ಬಂದಿದ್ದಳು.

ಇಂಗ್ಲೆಂಡಿನ ಸೊಲಿಹಲ್ಲಿನ ಆ ಮನೆಯಲ್ಲಿ ಮಗಳು ಸುಚೇತಾಳ ಖಾಲಿ ಕೋಣೆ ಊಸರವಳ್ಳಿಯದಾಯಿತು. ಸುಚೇತಾ ಲೀಡ್ಸಿನಲ್ಲಿ ರೈಲ್ವೆ ಎಂಜಿನಿಯರು. ವಿಡಿಯೋ ಕಾಲಿನಲ್ಲಿ ನೋಡಿದವಳೇ, "ಅಪ್ಪಾ! ಇನ್ ಮೈ ರೂಮ್?" ಎಂದು ಕಿರುಚಿ ನಕ್ಕಳು.

ಮೃತ್ಯುಂಜಯ ಅದಕ್ಕೆ ಮಾಸ್ತರು ಎಂದು ಹೆಸರಿಟ್ಟ. ಒಂದು ಕಣ್ಣು ಬೋರ್ಡಿನ ಕಡೆ, ಒಂದು ಕಣ್ಣು ಹಿಂದಿನ ಬೆಂಚಿನ ಕಡೆ ಇಟ್ಟು ಪಾಠ ಮಾಡುವ ಮಾಸ್ತರು ಧಾರವಾಡದಲ್ಲಿ ತಮಗೊಬ್ಬರಿದ್ದರು ಅಂದ. ಎಷ್ಟೋ ದಿನದ ಮೇಲೆ ಅವನು ಕಲಿಯಲು ಕೂತ. ಮರಿಗೆ ಶಾಖಕ್ಕೆ ಒಂದು ದೀಪ ಸಾಲದು, ಬಿಸಿಲಿನ ಬದಲಿಗೆ ಇನ್ನೊಂದು ಉದ್ದನೆಯ ದೀಪವೂ ಬೇಕು, ಇಲ್ಲದಿದ್ದರೆ ಮೂಳೆ ಮೆತ್ತಗಾಗಿ ಕಾಲು ಬಾಗುತ್ತವೆ. ಬಟ್ಟಲಲ್ಲಿ ನೀರಿಟ್ಟರೆ ಅದಕ್ಕೆ ನೀರೆಂದೇ ಗೊತ್ತಾಗುವುದಿಲ್ಲ, ಎಲೆಯ ಮೇಲೆ ಹನಿ ನಿಂತು ಹೊಳೆದರೆ ಮಾತ್ರ ನೆಕ್ಕುತ್ತದೆ. ಜೀರುಂಡೆಗಳನ್ನು ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಾಡಿಸಿ ಕೊಡಬೇಕು. ಎಲ್ಲಕ್ಕಿಂತ ಮುಖ್ಯ, ಪ್ರೀತಿ ಬಂತೆಂದು ಎತ್ತಿಕೊಳ್ಳಬಾರದು.

"ಹಾಗಾದ್ರೆ ಇದು ನಮ್ಮನ್ನ ಗುರುತು ಹಿಡಿಯೋದೇ ಇಲ್ವಾ?" ವಿಜಯಾ ಕೇಳಿದಳು.

"ಹಿಡಿಯುತ್ತೋ ಇಲ್ವೋ. ಹೆದರದೆ ಇದ್ರೆ ಸಾಕು. ಕಪ್ಪಾದರೆ ಹೆದರಿದೆ ಅಂತ ಅರ್ಥ."

ಬೆಳಿಗ್ಗೆ ಅವನು ಸ್ಪ್ರೇ ಬಾಟಲಿ ಹಿಡಿದು ಎಲೆಗಳಿಗೆ ಮಂಜು ಹಿಡಿಸುವಾಗ ವಿಜಯಾ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಆಮೇಲೆ ಒಳಗೆ ಬಂದು ಕೂರತೊಡಗಿದಳು. ಮರಿ ಒಮ್ಮೆ ತನ್ನ ಮೈಯುದ್ದದ ನಾಲಿಗೆ ಚಿಮ್ಮಿಸಿ ಜೀರುಂಡೆಯನ್ನು ಸೆಳೆದುಕೊಂಡಾಗ ಅವಳೇ ಚಪ್ಪಾಳೆ ತಟ್ಟಿದಳು. ಏಪ್ರಿಲ್, ಮೇ ತಿಂಗಳುಗಳು ಹೀಗೆ ಹೋದವು. ಅವು ಒಳ್ಳೆಯ ದಿನಗಳು. ಮಾಸ್ತರು ಅಂಗೈಯುದ್ದ ಬೆಳೆದರು, ಪಕ್ಕೆಯಲ್ಲಿ ಹಳದಿ ಪಟ್ಟೆ ಬಂದವು. ಬಿಸಿಲಿದ್ದ ದಿನ ಗಂಡ ಹೆಂಡತಿ ಇಬ್ಬರೂ ಕೂಡಿ ಅದನ್ನು ಕಡ್ಡಿಸಮೇತ ಹಿತ್ತಿಲಿಗೆ ಒಯ್ದು ಸೇಬಿನ ಗಿಡದ ಮೇಲೆ ಬಿಟ್ಟು ಕಾವಲು ಕೂರುತ್ತಿದ್ದರು. ನಿಜವಾದ ಬಿಸಿಲಿಗೆ ಸಮನಾದ ದೀಪ ಇಲ್ಲ ಎಂದು ಅವನು ಪ್ರತಿ ಸಲವೂ ಹೇಳುತ್ತಿದ್ದ.

ಜೂನಿನಲ್ಲಿ ಟಿವಿಡೇಲ್ ದೇವಸ್ಥಾನಕ್ಕೆ ಹೋದಾಗ, ಪ್ರಸಾದದ ಸಾಲಿನಲ್ಲಿ ಗೆಳತಿ ಚಂದ್ರಿಕಾಗೆ ಮೃತ್ಯುಂಜಯ ಮಾಸ್ತರ ನಾಲಿಗೆಯ ಕಥೆ ಹೇಳಿದ. ಚಂದ್ರಿಕಾ ಹೊಟ್ಟೆ ಹಿಡಿದು ನಕ್ಕಳು. ಪುಳಿಯೋಗರೆ ತಿನ್ನುವಾಗ ಅದೇ ಕಥೆಯನ್ನು ಅವಳಿಗೇ ಮತ್ತೆ ಹೇಳಿದ. ಚಪ್ಪಲಿ ಹಾಕಿಕೊಳ್ಳುವಾಗ ಇನ್ನೊಮ್ಮೆ. ಚಂದ್ರಿಕಾ ಆಗಲೂ ನಕ್ಕಳು, ಆದರೆ ಅವಳ ಕೈ ಬಂದು ವಿಜಯಾಳ ಮೊಣಕೈಯನ್ನು ಗಟ್ಟಿಯಾಗಿ ಹಿಡಿಯಿತು.

ಆಮೇಲೆ ಗೂಡಿನಲ್ಲೂ ಹಾಗೆಯೇ ಆಗತೊಡಗಿತು. ಉಣಿಸಿದ್ದು ಮರೆತು ಮತ್ತೆ ಉಣಿಸುತ್ತಿದ್ದ, ಅದನ್ನೂ ಮರೆತು ಮತ್ತೊಮ್ಮೆ. ಒಂದು ಬೆಳಿಗ್ಗೆ ವಿಜಯಾ ನೋಡಿದರೆ ಜಾಲರಿಯ ತುಂಬ ಜೀರುಂಡೆಗಳು, ಮಾಸ್ತರ ಬಾಲದ ಮೇಲೆ ಸಣ್ಣ ಸಣ್ಣ ಗಾಯ. ತಿನ್ನದೆ ಉಳಿದ ಹುಳಗಳು ಮಲಗಿದ್ದ ಪ್ರಾಣಿಯನ್ನೇ ಕಡಿದಿದ್ದವು. ಅವಳು ಗಾಯ ತೊಳೆದು ಮುಲಾಮು ಹಚ್ಚಿ, ಜೀರುಂಡೆ ಡಬ್ಬಿಯನ್ನು ಗ್ಯಾರೇಜಿನಲ್ಲಿ ಬಚ್ಚಿಟ್ಟಳು. ಹಲ್ಲಿಗೆ ಹೆದರುತ್ತಿದ್ದವಳು ಆ ಹೊತ್ತಿಗೆ ಹುಳಗಳನ್ನು ಬೆರಳಲ್ಲೇ ಹಿಡಿಯುತ್ತಿದ್ದಳು.

"ಡಬ್ಬಿ ಎಲ್ಲೈತಿ?" ಮೃತ್ಯುಂಜಯ ಕೇಳಿದ.

"ನಾನೇ ತಿನ್ನಿಸಿದೆ ಕಣ್ರೀ. ಇನ್ನು ಮೇಲೆ ನಾನೇ ನೋಡ್ಕೋತೀನಿ, ನೀವು ನೀರು ಸಿಂಪಡಿಸಿ ಸಾಕು."

"ಯಾಕ, ನನ್ನ ಮ್ಯಾಲ ನಂಬಿಕಿ ಹೋತೇನು?"

ಉತ್ತರ ಕೊಡುವ ಮೊದಲು ಅವಳು ಇನ್ನೊಂದನ್ನು ಗಮನಿಸಿದಳು. ಮದುವೆಯಾದಾಗಿನಿಂದ ಅವನು ಅವಳೊಡನೆ ಅವಳ ಕಡೆಯ ಕನ್ನಡವನ್ನೇ ಆಡಿದ್ದ. ಈಗ ಅವನ ಮಾತುಗಳು ಒಂದೊಂದಾಗಿ ಧಾರವಾಡಕ್ಕೆ ಹೊರಟಿದ್ದವು. ಕೇಳಲು ಚೆಂದವಾಗಿತ್ತು. ಅವಳು ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು.

ಅಕ್ಟೋಬರಿನ ಆ ಮಂಗಳವಾರ ಬೆಳಿಗ್ಗೆ ಆಕಾಶ ಗಾಜಿನ ಹಾಗೆ ತಿಳಿಯಾಗಿತ್ತು. ವಿಜಯಾಗೆ ಅಂದು ಕ್ಲಿನಿಕ್ಕಿನಲ್ಲಿ ಇಡೀ ದಿನದ ಪಾಳಿ. ಮಧ್ಯಾಹ್ನ ಊಟದ ಹೊತ್ತಿಗೆ ಅವಳು ಫೋನು ಮಾಡಿದಾಗ ಮೃತ್ಯುಂಜಯ ಖುಷಿಯಾಗಿದ್ದ. "ಬಿಸಲು ಭಾಳ ಚಲೋ ಬಿದ್ದೈತಿ ಇಲ್ಲೆ," ಅಂದ. ಅವಳು ಸಂತೋಷದಿಂದ ಫೋನಿಟ್ಟು ಮುಂದಿನ ರೋಗಿಯನ್ನು ಕರೆದಳು.

ಸಂಜೆ ಮನೆಗೆ ಬಂದಾಗ ಅವನು ಟಿವಿ ಮುಂದೆ ಶಾಲು ಹೊದ್ದು ಕೂತಿದ್ದ. ಮಹಡಿಯ ಕೋಣೆಯಲ್ಲಿ ಗೂಡಿನ ಬಾಗಿಲು ತೆರೆದಿತ್ತು. ದೀಪಗಳು ಖಾಲಿ ಎಲೆಗಳ ಮೇಲೆ ಉರಿಯುತ್ತಿದ್ದವು.

"ರೀ, ಮಾಸ್ತರೆಲ್ಲಿ?"

"ಅಲ್ಲೇ ಅದಾರಲ್ಲ, ಮ್ಯಾಲ."

ಪರದೆ, ಕಪಾಟಿನ ಹಿಂದೆ, ಮಂಚದ ಕೆಳಗೆ ಎಲ್ಲ ನೋಡಿದಳು. ಆಮೇಲೆ ಮಧ್ಯಾಹ್ನದ ಮಾತು ನೆನಪಾಗಿ ಹಿತ್ತಿಲಿಗೆ ಓಡಿದಳು. ಉಸಿರು ಹೊಗೆಯಾಗುವಷ್ಟು ಚಳಿ. ಫೋನಿನ ಬೆಳಕಿನಲ್ಲಿ ಸೇಬಿನ ಗಿಡದ ಕೊಂಬೆ ಕೊಂಬೆ ತಡವಿದಳು. ಅಲ್ಲಿರಲಿಲ್ಲ. ಬೇಲಿಯ ಗಿಡದ ಒಳಗೆ, ಸುಟ್ಟ ಕಡ್ಡಿಯ ಬಣ್ಣಕ್ಕೆ ತಿರುಗಿದ ಒಂದು ಮುದ್ದೆ ಕಂಡಿತು. ಬೆರಳು ಸೋಕಿದರೂ ಅಲುಗಲಿಲ್ಲ. ಕೊಂಬೆಯನ್ನು ಹಿಡಿದಿದ್ದ ಪುಟ್ಟ ಮುಷ್ಟಿಗಳನ್ನು ಒಂದೊಂದಾಗಿ ಬಿಡಿಸಿ ಕಾರ್ಡಿಗನ್ನಿನ ಒಳಗೆ, ಎದೆಗೆ ಒತ್ತಿಕೊಂಡು ಒಳಗೆ ಬಂದಳು. ಎತ್ತಿಕೊಳ್ಳಬಾರದು ಎನ್ನುವುದೆಲ್ಲ ಮರೆತೇ ಹೋಗಿತ್ತು.

ಮೆಲ್ಲಗೆ ಶಾಖ ಕೊಟ್ಟ ಮೇಲೆ ಅದು ಕಣ್ಣು ತೆರೆಯಿತು. ಬದುಕಿತೆಂದುಕೊಂಡಳು. ಆದರೆ ಮರುದಿನ ಅದು ಬಾಯಿ ತೆರೆದು, ಮೂತಿಯನ್ನು ಮೇಲಕ್ಕೆತ್ತಿ ಉಸಿರಾಡತೊಡಗಿತು. ಮೊದಲು ಗಮನಿಸಿದ್ದು ಮೃತ್ಯುಂಜಯನೇ. "ಹಗಲಾಗ ಕಣ್ಣು ಮುಚ್ಚಾಕತ್ತೈತಿ. ಇದು ಚಲೋ ಲಕ್ಷಣ ಅಲ್ಲ, ವಿಜಯಾ." ಅವನೊಳಗಿನ ಹಳೆಯ ಡಾಕ್ಟರು ಒಂದು ಗಳಿಗೆ ಎದ್ದು ಬಂದು ಹೇಳಿ ಹೋದ ಹಾಗಿತ್ತು.

ಬರ್ಮಿಂಗ್‌ಹ್ಯಾಮಿನಲ್ಲಿ ಇಂಥ ಪ್ರಾಣಿಗಳನ್ನು ನೋಡುವ ಪಶುವೈದ್ಯೆಯೊಬ್ಬಳಿದ್ದಳು. ಶ್ವಾಸಕೋಶಕ್ಕೆ ಸೋಂಕು ಇಳಿದಿದೆ ಎಂದು ಹೇಳಿ ಸೂಜಿಮದ್ದು ಕೊಟ್ಟಳು, ಮುಂದಿನದ್ದನ್ನು ವಿಜಯಾಗೇ ಕೊಡಲು ಕಲಿಸಿದಳು. ಗುಲಾಬಿ ತೊಟ್ಟಿನಷ್ಟಿದ್ದ ಆ ತೋಳಿಗೆ ಸೂಜಿ ಚುಚ್ಚುವ ಮೊದಲು, ಇಷ್ಟು ವರ್ಷ ಡಾಕ್ಟರಾಗಿದ್ದವಳು ಮದ್ದಿನ ಅಳತೆಯನ್ನು ಎರಡೆರಡು ಸಲ ನೋಡಿಕೊಂಡಳು. ವಾರ ತುಂಬುವ ಮೊದಲೇ ಮಾಸ್ತರು ಒಂದು ಮಧ್ಯಾಹ್ನ ದೀಪದ ಕೆಳಗೆ, ಕೊಂಬೆಯನ್ನು ಹಿಡಿದ ಹಾಗೇ ತೀರಿಕೊಂಡರು. ಸಾಯುವಾಗ ಬಣ್ಣ ತಿಳಿಯಾಗಿತ್ತು, ಮರಿಯಿದ್ದಾಗಿನ ಎಳೆ ಹಸಿರು.

ಸೇಬಿನ ಗಿಡದ ಕೆಳಗೆ ಗುಂಡಿ ತೋಡಿ ಮುಚ್ಚಿದರು. ಮೃತ್ಯುಂಜಯ ಮಗುವಿನ ಹಾಗೆ ಬಿಕ್ಕಿದ. ಆಮೇಲೆ ಮಣ್ಣಿನ ಕೈಯಲ್ಲೇ ತಿರುಗಿ ನಿಂತು ಕೇಳಿದ. "ಥಂಡ್ಯಾಗ ಹೊರಗ ಬಿಟ್ಟವರು ಯಾರು?"

ವಿಜಯಾ ಅವನ ಕಣ್ಣನ್ನೇ ನೋಡಿದಳು. ನಿಜಕ್ಕೂ ಅವನಿಗೆ ಗೊತ್ತಿರಲಿಲ್ಲ.

"ನಾನೇ," ಅಂದಳು. "ಬಿಸಿಲಿತ್ತಲ್ಲ ಅಂತ ಬಿಟ್ಟೆ. ಒಳಗೆ ತರೋದು ಮರೆತುಬಿಟ್ಟೆ."

"ಮರತಿ? ಒಂದು ಜೀವ ಅದು! ಡಾಕ್ಟರ್ ಅದೀ ನೀ. ಹೆಂಗ ಮರತಿ?"

ಅವನು ಅವಳ ಮೇಲೆ ಹಾಗೆ ಕೂಗಿದ್ದು ಅದೇ ಮೊದಲು. ಅವಳು ತಲೆ ತಗ್ಗಿಸಿ ನಿಂತಳು. ನಾಳೆಗೆ ಇದೂ ಮರೆತು ಹೋಗುತ್ತದೆ, ಇಷ್ಟು ತಡೆದುಕೊಂಡರೆ ಆಯಿತು ಎಂದುಕೊಂಡಳು.

ಮರೆತದ್ದು ಹೌದು. ಮರುದಿನ ಬೆಳಿಗ್ಗೆ ಸ್ಪ್ರೇ ಬಾಟಲಿ ಹಿಡಿದು "ಮಾಸ್ತರೆಲ್ಲಿ ಹೋದ್ರು?" ಎಂದು ಕೇಳಿದ. ಅವಳು ಹೇಳಿದಳು. ಮತ್ತೆ ಅತ್ತ, ಮತ್ತೆ ಯಾರು ಬಿಟ್ಟವರೆಂದ, ಮತ್ತೆ ಅವಳು ನಾನೇ ಎಂದಳು. ಕೆಲವು ದಿನ ಹೀಗೇ ನಡೆಯಿತು. ಒಂದು ದಿನ ಅವನು ಕೇಳುವುದನ್ನು ಬಿಟ್ಟ. ಊಸರವಳ್ಳಿಯೊಂದು ಆ ಮನೆಯಲ್ಲಿತ್ತೆಂಬುದೇ ಅವನಿಂದ ಹೊರಟುಹೋಗಿತ್ತು. ಸಿಟ್ಟು ಮಾತ್ರ ಹೋಗಲಿಲ್ಲ.

ಕಾರಣ ಅಳಿಸಿಹೋದ ಸಿಟ್ಟು ಅದು. ಅವಳು ತಟ್ಟೆ ಇಟ್ಟರೆ ಪಕ್ಕಕ್ಕೆ ಸರಿಸುತ್ತಿದ್ದ. ಮಾತ್ರೆ ಕೊಟ್ಟರೆ ಮುಷ್ಟಿ ಬಿಗಿಯುತ್ತಿದ್ದ. ಅವಳು ಕೋಣೆಗೆ ಬಂದರೆ ಅವನ ಭುಜ ಗಟ್ಟಿಯಾಗುತ್ತಿತ್ತು. ಲೀಡ್ಸಿನಿಂದ ಸುಚೇತಾ ಬಂದು ಅದೇ ಮಾತ್ರೆ ಕೊಟ್ಟರೆ ಸುಮ್ಮನೆ ನುಂಗುತ್ತಿದ್ದ.

"ಏನಾಯ್ತಪ್ಪಾ? ವೈ ಆರ್ ಯೂ ಆಂಗ್ರಿ ವಿತ್ ಅಮ್ಮ?" ಸುಚೇತಾ ಕೇಳಿದಳು.

ಅವನು ಅಡುಗೆಮನೆಯ ಕಡೆ ನೋಡಿದ. "ಗೊತ್ತಿಲ್ಲವ್ವಾ. ಆಕಿ ಏನೋ ಭಾಳ ಕೆಟ್ಟದ್ದು ಮಾಡ್ಯಾಳ."

ಅಡುಗೆಮನೆಯಲ್ಲಿ ವಿಜಯಾ ಎಲ್ಲವನ್ನೂ ಹೇಳಿದಳು. ಸುಚೇತಾ ಕೇಳಿ ಮೇಜಿನ ಮೇಲೆ ಕೈಯೂರಿದಳು. "ಅಮ್ಮ, ಟೆಲ್ ಹಿಮ್ ದ ಟ್ರುತ್. ನೀನು ಮಾಡಿದ್ದಲ್ಲ ಅಂತ ಹೇಳು."

"ಏನಂತ ಹೇಳ್ಲಿ? ನೀವೇ ಕೊಂದಿದ್ದು ಅಂತಲಾ?"

"ಹೀ ವೋಂಟ್ ಇವನ್ ರಿಮೆಂಬರ್."

"ಅದು ನೆನಪಿರಲ್ಲ ಕಣೇ. ದುಃಖ ಉಳಿಯುತ್ತೆ. ಈಗ ನನ್ನ ಮೇಲಿದೆಯಲ್ಲ ಸಿಟ್ಟು, ಅದು ಅವರ ಮೇಲೇ ತಿರುಗುತ್ತೆ. ಯಾಕೆ ಅಂತ ಗೊತ್ತಿಲ್ಲದೇನೇ ತನ್ನನ್ನ ತಾನು ಬೈಕೋತಾ ಕೂತಿರ್ತಾರೆ. ನನಗಾದ್ರೆ ಯಾಕೆ ಅಂತ ಗೊತ್ತಿದೆ."

ಸುಚೇತಾ ಅಮ್ಮನ ಬೆನ್ನಿಗೆ ಹಣೆ ಆನಿಸಿ ನಿಂತಳು.

ವಿಜಯಾ ಕೆಲಸ ಬಿಟ್ಟಳು. ಮಾತ್ರೆ ಕೊಡಲು ಬೆಳಿಗ್ಗೆ ಆರೈಕೆಯವಳೊಬ್ಬಳು ಬರತೊಡಗಿದಳು. ಕಾಫಿಯನ್ನು ಮಾತ್ರ ವಿಜಯಾ ತಾನೇ ಮಾಡಿ ಅವನ ಕುರ್ಚಿಯ ಪಕ್ಕ ಇಟ್ಟು ದೂರ ಸರಿಯುತ್ತಿದ್ದಳು. ಅದು ಹೆಚ್ಚಿನ ದಿನ ಹಾಗೇ ಆರಿಹೋಗುತ್ತಿತ್ತು. ಕ್ರಿಸ್ಮಸ್ ಕಳೆಯಿತು, ಸಂಕ್ರಾಂತಿಗೆ ಚಂದ್ರಿಕಾ ಎಳ್ಳು ಬೆಲ್ಲ ತಂದು ಕೊಟ್ಟು ಅತ್ತು ಹೋದಳು.

ಫೆಬ್ರುವರಿಯ ಒಂದು ಬೆಳಿಗ್ಗೆ ಅವಳು ಲೋಟ ಇಡಲು ಬಗ್ಗಿದಾಗ ಮೃತ್ಯುಂಜಯ ಕೈಚಾಚಿ ಅವಳ ಕೈಯಿಂದಲೇ ಅದನ್ನು ತೆಗೆದುಕೊಂಡ. ಅವನ ಭುಜ ಸಡಿಲವಾಗಿತ್ತು. ಒಂದು ಗುಟುಕು ಕುಡಿದು ತಲೆಯಾಡಿಸಿದ. ಹೋಯಿತು, ಸಿಟ್ಟು ಹೋಯಿತು ಎಂದು ವಿಜಯಾ ಹಿಗ್ಗಿದಳು.

"ಕಾಫಿ ಭಾಳ ಚಲೋ ಆಗೇತ್ರಿ," ಅಂದ ಅವನು, ಮನೆಗೆ ಬಂದವರೊಡನೆ ಆಡುವ ಮರ್ಯಾದೆಯಲ್ಲಿ. "ನಿಮ್ಮ ಊರು ಯಾವುದ್ರಿ?"

ಬಗ್ಗಿದವಳು ನೆಟ್ಟಗೆ ನಿಂತಳು. "ಅರಸೀಕೆರೆ," ಅಂದಳು.

"ಹೌದ್ರೀ? ಮತ್ತ ನಿಂತ ಯಾಕ ಅದೀರಿ, ಕೂಡ್ರಿ." ಪಕ್ಕದ ಕುರ್ಚಿಯ ಮೇಲಿದ್ದ ಪೇಪರನ್ನು ತೆಗೆದು ಅವಳಿಗೆ ಜಾಗ ಮಾಡಿಕೊಟ್ಟ.

ಅವಳು ಕೂತಳು. ಅವನು ಅವಳ ಊರಿನ ಬಗ್ಗೆ ಕೇಳಿದ, ಅಣ್ಣತಮ್ಮಂದಿರು ಎಷ್ಟು ಮಂದಿ ಎಂದು ಕೇಳಿದ. ಅವಳು ಒಂದೊಂದಕ್ಕೂ ನಿಧಾನವಾಗಿ, ಹೊಸದಾಗಿ ಪರಿಚಯವಾದವರಿಗೆ ಹೇಳುವ ಹಾಗೆ, ಉತ್ತರ ಹೇಳಿದಳು.